ನಾಲ್ಕನೆಯ ತಲೆ

"ಇದಕ್ಕೆ ಯಾಕೆ ಗೆರೆ ಹಾಕಲಿಲ್ಲ?" ಸುಜಾತಾ ಮಗಳ ಚಾರ್ಟಿನ ಮೇಲೆ ಬೆರಳಿಟ್ಟು ಕೇಳಿದಳು.

ಶುಕ್ರವಾರದ ರಜೆ. ಕೊಲ್ಲಿ ನಾಡಿನ ಸೆಗಯಾದ ಫ್ಲ್ಯಾಟಿನ ಊಟದ ಮೇಜಿನ ತುಂಬ ಅಶ್ಮಿತಾಳ ಬಣ್ಣದ ಪೆನ್ಸಿಲುಗಳು. ಹಿಂದೆ ಮೆಕ್ಸಿಕೋದ ನಹುವಾ ಜನ ಹೆಸರುಗಳನ್ನು ಚಿತ್ರವಾಗಿ ಬರೆಯುತ್ತಿದ್ದರಂತೆ: ಒಂದು ತಲೆ, ಅದರಿಂದೊಂದು ಗೆರೆ, ಗೆರೆಯ ತುದಿಗೆ ಹೆಸರಿನ ಚಿತ್ರ. ಹದ್ದು ಬರೆದರೆ ಅವನ ಹೆಸರು ಹದ್ದು. ಹಾಗೆ ಮನೆಯವರನ್ನೆಲ್ಲ ಬರೆದು ತರಲು ಟೀಚರ್ ಹೇಳಿದ್ದರು. ನಾಲ್ಕನೆಯ ತಲೆ ಪುಟ್ಟದು, ಕಣ್ಣು ಮುಚ್ಚಿತ್ತು.

"ಅದು ಬೇಬಿ ಅಮ್ಮಾ. ಅವನಿಗೆ ನೇಮ್ ಇಲ್ಲ ಅಲ್ವಾ?"

ಆರು ವರ್ಷದ ಹಿಂದಿನ ಮಾತು. ಹನ್ನೆರಡನೇ ದಿನ ನಾಮಕರಣವೆಂದು ನಿಶ್ಚಯವಾಗಿತ್ತು. ಮಗು ಒಂಬತ್ತನೇ ದಿನವೇ ಹೋಯಿತು. ಆಸ್ಪತ್ರೆಯ ಕಾಗದದಲ್ಲಿ ಬರೀ 'ಸುಜಾತಾಳ ಮಗು'. ಈಗಲೂ ನಲ್ಲಿ ನಿಲ್ಲಿಸಿದ ಕೂಡಲೇ ಅವಳಿಗೆ ಒಳಕೋಣೆಯಿಂದ ಮಗುವಿನ ಅಳು ಕೇಳಿಸುತ್ತದೆ. ಸಮಾಧಾನ ಮಾಡೋಣವೆಂದರೆ ಏನೆಂದು ಕರೆಯುವುದು? ಅದೇ ಅವಳ ಸಂಕಟ. ಸೀಫ್ ಬಡಾವಣೆಯ ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಹರಟುವ ಗಂಡ ಹರಿನಾಥ ಈ ವಿಷಯ ಬಂದರೆ ತುಟಿ ಪಿಟಿಕ್ಕೆನ್ನುವವನಲ್ಲ.

"ಹೀಗೆ ಕಳಿಸುವುದು ಬೇಡ," ಎಂದಳು ಮೇಜಿನಾಚೆ ಕೂತಿದ್ದ ಅವನತ್ತ ತಿರುಗಿ. "ಇವತ್ತಾದರೂ ಒಂದು ಹೆಸರು ಇಡುವ. ನೀವೇ ಹೇಳಿ."

"ಅವನಿಗೆ ಹೆಸರು ಉಂಟು."

"ಎಂತ ಹೇಳ್ತೀರಿ?"

ಹರಿನಾಥ ಮೇಜಿನ ಅಂಚು ಹಿಡಿದುಕೊಂಡ. "ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆಗೆ ಬಾಯಿ ಇಟ್ಟು ಹೆಸರು ಹೇಳಿಬಿಟ್ಟೆ ಮಾರಾಯ್ತಿ. ಮೂರು ಸಲ. ಹನ್ನೆರಡನೇ ದಿನಕ್ಕೆ ಮೊದಲು ಹೇಳಬಾರದು ಅಂತ ಗೊತ್ತಿತ್ತು. ಉಳೀತಾನೋ ಇಲ್ವೋ ಅಂತ ಹೆದರಿಕೆ ಆಯ್ತು. ಒಂದು ಗಂಟೆ ಆಗಲಿಲ್ಲ, ಹೋದ. ನಾನು ಕರೆದದ್ದಕ್ಕೇ ಹೋದ."

ಸುಜಾತಾಳಿಗೆ ಸಿಟ್ಟೂ ಬಂತು, ಕನಿಕರವೂ ಹುಟ್ಟಿತು. ಆರು ವರ್ಷ ಇವನೊಬ್ಬನೇ ಆ ಹೆಸರನ್ನು ಇಟ್ಟುಕೊಂಡಿದ್ದನಲ್ಲ.

"ಎಂತ ಹೆಸರು?"

ಅವನು ಬಾಯಿ ತೆರೆದ. ಅಶ್ಮಿತಾಳನ್ನು ನೋಡಿ ಮುಚ್ಚಿಕೊಂಡ. ಹೇಳಿದರೆ ಇವಳಿಗೂ ಏನಾಗುವುದೋ ಎಂಬ ಭಯ ಇನ್ನೂ ಬಿಟ್ಟಿರಲಿಲ್ಲ. ಕೊನೆಗೆ ಮಗಳ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಪುಟ್ಟ ತಲೆಯಿಂದ ಒಂದು ಗೆರೆ ಎಳೆದ. ತುದಿಗೆ ಎರಡು ಗುಡ್ಡ. ನಡುವೆ ಮೇಲೇಳುತ್ತಿರುವ ಸೂರ್ಯ.

"ಉದಯ," ಎಂದು ಸುಜಾತಾ ಓದಿದಳು.

ಹರಿನಾಥ ಥಟ್ಟನೆ ಮಗಳನ್ನು ಎಳೆದು ಅಪ್ಪಿಕೊಂಡ.

"ಉದಯಾ..." ಈ ಸಲ ಅವಳು ಓದಲಿಲ್ಲ, ಕರೆದಳು. ಕರೆದು, ಒಳಕೋಣೆಯ ಬಾಗಿಲ ಕಡೆಗೇ ನೋಡುತ್ತ ನಿಂತಳು.