ಉಣ್ಣುವವರ ಎದುರು

ಗ್ರಹಾಂ ಹಾಲೊವೆಲ್ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಮನೆಗೆ ಊಟಕ್ಕೆ ಬಂದದ್ದು ಅವರ ನಿವೃತ್ತಿಗೆ ಸ್ವಲ್ಪ ಮೊದಲು, ಒಂದು ಭಾನುವಾರ ಮಧ್ಯಾಹ್ನ. ನನ್ನ ಗಂಡ ವಿಜಯ್ ಕೆಲಸ ಮಾಡುವ ಪಂಪ್ ಕಂಪನಿಯ ಚೇರ್ಮನ್, ಇಂಗ್ಲೆಂಡಿನವರು. ಹೋಗುವ ಮೊದಲು ಅಮೆರಿಕದ ವ್ಯವಹಾರಕ್ಕೆಲ್ಲ ಒಬ್ಬ ಮುಖ್ಯಸ್ಥನನ್ನು ಅವರೇ ಆರಿಸಬೇಕಿತ್ತು. ಹ್ಯೂಸ್ಟನ್ ಆಫೀಸನ್ನು ಕಟ್ಟಿ ಬೆಳೆಸಿದವರು ನಮ್ಮ ಇವರು, ವಿಜಯ್. ಆ ಕುರ್ಚಿ ಇವರಿಗೇ ಬರಬೇಕೆಂದು ನನಗೆ ವಿಪರೀತ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಚೇರ್ಮನ್ನರು ಕೈಯಿಂದಲೇ ಮುರಿದು ತಿನ್ನುತ್ತಾ ತಮ್ಮ ಕಥೆ ತೆಗೆದರು. ಮೀಸೆ ಮೂಡುವ ಮೊದಲೇ ಲೀಡ್ಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದರಂತೆ. ನನ್ನನ್ನು ಸೇಲ್ಸಿಗೆ ಹಾಕಿ ಎಂದು ಮ್ಯಾನೇಜರನ್ನು ತಾವೇ ಹೋಗಿ ಕೇಳಿದರಂತೆ. ಅಬರ್ಡೀನ್ ಬ್ರಾಂಚಿನ ಹೊಣೆಯನ್ನೂ ಕೇಳಿಯೇ ಪಡೆದರಂತೆ, ಕೊನೆಗೆ ಚೇರ್ಮನ್ ಪದವಿಯನ್ನೂ. ಒಂದೊಂದು ಘಟ್ಟಕ್ಕೂ ಮಾತು ನಿಲ್ಲಿಸಿ ವಿಜಯ್ ಮುಖ ನೋಡುತ್ತಿದ್ದರು.

“ಇನ್ನೊಂದು ರೊಟ್ಟಿ?” ಎಂದರು ನಮ್ಮ ಮಹಾರಾಯರು.

ನೀರಿನ ನೆಪದಲ್ಲಿ ಇವರನ್ನು ಅಡುಗೆಮನೆಗೆ ಕರೆದೆ. “ಈಗರೆ ಬಾಯಿ ಬಿಟ್ಟು ಕೇಳ್ರಿ.”

“ಉಣ್ಣಾಕ ಕುಂತವ್ರನ್ನ ಏನ್ ಕೇಳೂದ, ನಿವೇದಿತಾ? ಸುಮ್ನಿರು.”

“ಕೈ ತೊಳಕೊಂಡ ಮ್ಯಾಲೆ ಕೇಳ್ರಿ ಹಂಗಾರ.”

“ಉಂಡದ್ದಕ್ಕ ಬಿಲ್ ಕೊಟ್ಟಂಗ ಆಗ್ತದ.”

ಚೇರ್ಮನ್ನರನ್ನು ಇವರು ಕಾರಿನವರೆಗೂ ಕಳಿಸಲು ಹೋದರು. ಟ್ರಾಫಿಕ್ ಬಗ್ಗೆ ಮಾತಾಡಿ ಬಂದರು.

ಚೇರ್ಮನ್ನರ ಬೀಳ್ಕೊಡುಗೆ ಡಲ್ಲಾಸ್‌ನ ಹೋಟೆಲೊಂದರಲ್ಲಿ. ಹೊಸ ಮುಖ್ಯಸ್ಥನೆಂದು ವೇದಿಕೆಯಿಂದ ಕರೆದ ಹೆಸರು ಆಸ್ಟಿನ್ ಆಫೀಸಿನ ನಿಶ್ಚಲ್‌ನದು. ಇವರೇ ಕೆಲಸ ಕಲಿಸಿದ ಹುಡುಗ. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಕೈಗಳೂ ತಟ್ಟಿದವು.

ಆಮೇಲೆ ಹಾಲೊವೆಲ್ ನನ್ನ ಹತ್ತಿರ ಬಂದರು. “ನಾನು ಎಲ್ಲವನ್ನೂ ಕೇಳಿ ಪಡೆದವನು. ಅವತ್ತು ನಿಮ್ಮ ಮನೆಯಲ್ಲಿ ವಿಜಯ್ ಕೇಳಲಿ ಎಂದು ಕಾದೆ. ಅವರಿಗೆ ಬೇಡವೇನೋ ಅಂದುಕೊಂಡೆ. ಆಸ್ಟಿನ್‌ಗೆ ಹೋದಾಗ ನಿಶ್ಚಲ್ ಏರ್‌ಪೋರ್ಟಿನ ದಾರಿಯಲ್ಲೇ ಕೇಳಿದ,” ಎಂದರು.

ಅನ್ನಬೇಕಾದದ್ದು ಬೇಕಾದಷ್ಟಿತ್ತು. “ಥ್ಯಾಂಕ್ಯೂ” ಎಂದೆ.

ಹ್ಯೂಸ್ಟನ್ನಿಗೆ ವಾಪಸ್ಸು ನಾನೇ ಡ್ರೈವ್ ಮಾಡಿದೆ. ಊರು ದಾಟುವವರೆಗೆ ತಡೆದುಕೊಂಡಿದ್ದು, ಆಮೇಲೆ ಹೇಳಿದೆ. “ನೀವು ಕೇಳ್ತೀರಂತ ಕಾದಿದ್ರಂತ, ಆ ದಿನ.”

“ಗೊತ್ತಿತ್ತು,” ಎಂದರು.

“ಗೊತ್ತಿತ್ತಾ?”

“ಮತ್ತ ಮತ್ತ ನನ್ನ ಮಾರಿ ನೋಡತಿದ್ರಲ್ಲ. ಕೇಳಾಕ ಬಾಯಿ ಬರಲಿಲ್ಲ.”

ಬೇರೆ ದಿನವಾಗಿದ್ದರೆ ಕಾರು ನಿಲ್ಲಿಸಿ ಕೂಗಾಡುತ್ತಿದ್ದೆ. ಸಿಟ್ಟು ಬರಲಿ ಎಂದು ಕಾದೆ. ಜೋಮು ಹಿಡಿದ ಕಾಲಿನ ಹಾಗೆ ಮನಸ್ಸು ಸುಮ್ಮನೆ ಬಿದ್ದಿತ್ತು. ಇವರ ಮೇಲೆ ಮರುಕವೂ ಬರಲಿಲ್ಲ.

ಹ್ಯೂಸ್ಟನ್ ಹತ್ತಿರವಾದಾಗ ಇವರೇ ಮಾತು ತೆಗೆದರು. “ನಿಶ್ಚಲನ್ನ ಒಮ್ಮೆ ಮನಿಗೆ ಊಟಕ್ಕ ಕರೀಬೇಕ ನೋಡು. ಇನ್ನ ಅವನೇ ಸಾಹೇಬ ಅಲ್ಲೇನು ನಮಗ.”

“ಕರೀರಿ,” ಎಂದೆ.