ಕರೆದವಳೇ ಕಳಿಸಬೇಕು

ಅರಸೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಮಾಳಿಗೆಯಲ್ಲಿ ಮದುವೆ ವೀಡಿಯೊ ಮಿಕ್ಸಿಂಗ್ ಮಾಡುತ್ತಿದ್ದ ಬೀರೇಶನಿಗೆ, ಕಂಪ್ಯೂಟರ್ ಬಂದ ಮೇಲೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುಮಗಳನ್ನು ತಾವರೆಯೊಳಗಿಂದ ಹುಟ್ಟಿಸಿದ್ದ, ಬಾಣಾವರದ ಗಂಡೊಬ್ಬನನ್ನು ಚಂದ್ರನ ಮೇಲೆ ಕೂರಿಸಿದ್ದ. ಅಷ್ಟಕ್ಕೆ ಸುಮ್ಮನಿದ್ದನೇ? ಎರಡು ಸಾವಿರದ ಮೂರರಲ್ಲಿ ಸ್ವಂತ ಡ್ಯಾನ್ಸ್ ಹಾಡು, ಅದಕ್ಕೊಂದು ವೀಡಿಯೊ ಮಾಡುವ ಹುಚ್ಚು ಹತ್ತಿತು.

ಬೀಟು ಸಿದ್ಧವಾಯಿತು, ದನಿ ಸಿಗಲಿಲ್ಲ. ಆಗ ನೆನಪಾದವಳು ಹಗರೆಯ ಸೋದರತ್ತೆ ಬೀರಮ್ಮ. ಸುತ್ತಲಿನ ಹಳ್ಳಿಗಳಲ್ಲಿ ಸಾವಾದರೆ ಹಾಡಿಕೊಂಡು ಅಳಲು ಅವಳನ್ನೇ ಕರೆಯುತ್ತಿದ್ದರು. ಹಿಂದಿನ ವರ್ಷ ಅವಳ ಒಬ್ಬಳೇ ಮಗಳು ಶ್ಯಾಮಲಾ ಜ್ವರ ಬಂದು ತೀರಿಕೊಂಡಾಗ ಬೀರಮ್ಮ ಹಾಡಿದ್ದನ್ನು ಬೀರೇಶನ ಕ್ಯಾಮೆರಾ ಹಿಡಿದಿತ್ತು. ಆ ಹಾಡಿಗೊಂದು ಕಟ್ಟಳೆಯಿದೆ. ಮೊದಲು ಸತ್ತವರನ್ನು ಹೆಸರು ಹಿಡಿದು ಕರೆಯಬೇಕು; ಕೊನೆಗೆ 'ಹೋಗವ್ವ, ತಿರುಗಿ ನೋಡಬೇಡ' ಎಂದು ಕಳಿಸಬೇಕು. ಕರೆದವಳೇ ಕಳಿಸಬೇಕು.

ಬೀರೇಶನಿಗೆ ಬೇಕಾದದ್ದು ಕರೆಯಷ್ಟೇ. 'ಬಾರೇ ಶ್ಯಾಮೂ' ಎಂಬ ತುಂಡನ್ನು ಕತ್ತರಿಸಿ, ದನಿ ಏರಿಸಿ, ಬೀಟಿನ ಮೇಲೆ ಮತ್ತೆ ಮತ್ತೆ ಸುತ್ತಿ ಬರುವಂತೆ ಕೂರಿಸಿದ. ಬಸ್ತಿಹಳ್ಳಿಯ ಬಸದಿಗಳ ಎದುರಿನ ಬಯಲಲ್ಲಿ ಒಬ್ಬ ಹುಡುಗಿಯನ್ನು ಕುಣಿಸಿ, ಕಂಪ್ಯೂಟರಿನಲ್ಲಿ ಅವಳನ್ನೇ ದೊಡ್ಡ ಗುಂಪು ಮಾಡಿದ. ಹಿಂದಿನ ಸಾಲಿನ ಮುಖಗಳನ್ನು ಮಂಜಾಗಿಸಿದ. ಅತ್ತೆಗೆ ಮಾತ್ರ ಒಂದು ಮಾತೂ ಹೇಳಲಿಲ್ಲ.

ಹಾಡು ಬೇಲೂರಿನ ಬಸ್ಸುಗಳಲ್ಲಿ, ಮದುವೆ ಛತ್ರಗಳಲ್ಲಿ ಎಲ್ಲೆಲ್ಲೂ ಮೊಳಗಿತು. ಆದರೆ ಬೀರೇಶನಿಗೆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಒಬ್ಬಳದೇ ನಕಲುಗಳಾದ ಮೇಲೆ ಎಲ್ಲರ ಹೆಜ್ಜೆಯೂ ಒಂದೇ ಆಗಬೇಕಲ್ಲ? ಹಿಂದಿನ ಸಾಲಿನಲ್ಲಿ ಒಬ್ಬಳು ಕುಣಿಯುತ್ತಿರಲಿಲ್ಲ, ಸುಮ್ಮನೆ ನಿಂತಿದ್ದಳು. ಕಂಪ್ಯೂಟರಿನದೇ ಏನೋ ದೋಷ ಎಂದು ಅಳಿಸಿದ. ಮರುದಿನ ನೋಡಿದರೆ ಮತ್ತೆ ಅಲ್ಲೇ ಇದ್ದಳು. ಅಂದಿನಿಂದ ಅವನು ಆ ವೀಡಿಯೊ ತೆರೆಯುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ಬೀರಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ಏನ್ಲಾ, ನನ್ ಮಗಳ್ನ ಬಸ್ನಾಗೂ ಕರೀತೀಯ, ಛತ್ರದಾಗೂ ಕರೀತೀಯ. ಅವಳು ಎಲ್ಲಿಗೇಂತ ಬರ್ಬೇಕ್ಲಾ?"

ಬೀರೇಶ ಎದ್ದು ಕುರ್ಚಿಯನ್ನು ಅವಳತ್ತ ಎಳೆದ.

"ದಿನಾ ಬಾಗ್ಲತಾವ ನಿಂತಿರ್ತಾಳೆ ಕಣೋ," ಎಂದಳು ಬೀರಮ್ಮ. "ಒಳಕ್ಕೂ ಬರಾಕಿಲ್ಲ, ಆಚ್ಗೂ ಹೋಗಾಕಿಲ್ಲ. ಕಳಿಸೋ ಹಾಡೂ ಹಾಡ್ತೀನಿ, ಸೇರ್ಸು. ಮಗೀಗೆ ದಾರಿ ಬಿಡು."

"ತಪ್ಪಾಯ್ತು ಅತ್ತೆ. ಈಗ್ಲೇ ಸೇರಿಸ್ತೀನಿ. ಹೊಸ ಸಿ.ಡಿ. ಮಾಡಿ ಎಲ್ಲಾ ಕಡೆ ಕೊಟ್ಟು ಬತ್ತೀನಿ."

ಅವಳ ಕಿವಿಗೆ ಹೆಡ್‌ಫೋನ್ ಇಟ್ಟು, ಮೈಕು ಮುಂದೆ ಸರಿಸಿ, ವೀಡಿಯೊ ಹಾಕಿದ. ಗುಂಪು ಕುಣಿಯತೊಡಗಿತು. ಬೀರಮ್ಮ ಕುಣಿಯುವವರನ್ನು ನೋಡಲೇ ಇಲ್ಲ. ಹಿಂದೆ ನಿಂತವಳ ಮೇಲೆ ಅವಳ ಕಣ್ಣು ನೆಟ್ಟಿತು. ಹೆತ್ತವಳಿಗೆ ಮುಖ ಬೇಕೇ? ನಿಲುವು ಸಾಕು.

ಹಾಡೆಂದು ಬೀರೇಶ ಸನ್ನೆ ಮಾಡಿದ. ಬೀರಮ್ಮ 'ಹೋಗವ್ವ' ಎನ್ನಲು ಬಾಯಿ ತೆರೆದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹಾಡಿದಳು.

"ಬಾರೇ ಶ್ಯಾಮೂ..."

ತೆರೆಯ ಮೇಲೆ ನಿಂತಿದ್ದವಳು ಕುಣಿಯುವವರ ನಡುವೆ ದಾರಿ ಮಾಡಿಕೊಂಡು ಒಂದು ಸಾಲು ಮುಂದೆ ಬಂದಳು.

ಬೀರೇಶ ಬೆಚ್ಚಿ, ನಿಲ್ಲಿಸಲು ಕೈ ಚಾಚಿದ. ಬೀರಮ್ಮ ಹಾಡುತ್ತಲೇ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.