ಚೆನ್ನಯನ ಅಳತೆಯ ಮೆಷಿನ್

ಕಲ್ಯಾಣದ ಅಂಗಡಿಯಲ್ಲಿ ಸೈದಪ್ಪ ಹುಲ್ಲು ಕತ್ತರಿಸುವ ಪೆಟ್ರೋಲ್ ಮೆಷಿನ್‌ಗಳನ್ನು ಸಾಲಾಗಿ ಇಟ್ಟು, ಬ್ಲೇಡಿನದನ್ನು ಪಕ್ಕಕ್ಕೆ ಸರಿಸಿದ.

"ಇದು ಬ್ಯಾಡ್ರಿ, ಕಲ್ಲಿಗೆ ತಾಗಿದ್ರ ಚೂರು ಹಾರತೈತಿ. ಮನಿ ಹಿತ್ತಲಕ್ಕ ನೈಲಾನ್ ದಾರದ್ದ ಛಲೋ. ಹಿಡಿಯೋರು ಯಾರು, ನೀವ?"

"ಅಲ್ಲ, ನನ್ನ ತಮ್ಮ," ಅಂದ ದೇಜಪ್ಪ. "ನನಗಿಂತ ಒಂದು ಗೇಣು ಗಿಡ್ಡ."

"ಹಂಗಾದ್ರ ಕರಕೊಂಡು ಬರ್ರಿ, ಹೆಗಲಪಟ್ಟಿ ಅಳತಿ ನೋಡೋಣು."

"ಅವನಿಗೆ ಬರ್ಲಿಕ್ಕೆ ಆಗುದಿಲ್ಲ."

ದೇಜಪ್ಪ ತಾನೇ ಮಂಡಿ ಬಗ್ಗಿಸಿ, ತಮ್ಮನಷ್ಟು ಗಿಡ್ಡವಾಗಿ ನಿಂತು ಪಟ್ಟಿ ಬಿಗಿಸಿಕೊಂಡ.

ಚೆನ್ನಯ ತೀರಿಕೊಂಡದ್ದು ಹೋದ ಮಳೆಗಾಲದಲ್ಲಿ. ಘಣಸೋಲಿಯ ಅವರ ಮನೆಯ ಹಿತ್ತಲಲ್ಲಿ ಸೊಂಟದೆತ್ತರ ಹುಲ್ಲು ಬೆಳೆದಿತ್ತು, ಅಣ್ಣನಲ್ಲಿ ಒಂದು ಮೆಷಿನ್ ತೆಗೆಸಿಕೊಡು ಅಂತ ಬಾಯಿಬಿಟ್ಟು ಕೇಳಿದ್ದ. ದೇಜಪ್ಪನ ಹೋಟೆಲು ಚೆನ್ನಾಗಿ ನಡೆಯುತ್ತಿದ್ದರೂ ಅವನ ಕೈ ಮಾತ್ರ ಬಿಗಿ. ಕತ್ತಿ ಇದೆಯಲ್ಲ, ಸಾಕು ಅಂದುಬಿಟ್ಟ. ಕತ್ತಿ ಹಿಡಿದು ಬಗ್ಗಿದವನನ್ನು ನಲ್ಲಿಯ ಮೂಲೆಯಲ್ಲಿ ಹಾವು ಕಚ್ಚಿತು. ಆಮೇಲೆ ದೇಜಪ್ಪನ ಹೆಂಡತಿ ಮೋಹಿನಿ ಆ ಕತ್ತಿಯನ್ನು ಸಮುದ್ರ ಒಳಚಾಚಿದ ಖಾಡಿಯ ನೀರಿಗೆ ಎಸೆದು ಬಂದಳು.

ಈಗ ಮತ್ತೆ ಮಳೆಗಾಲ, ಊರಿನ ಲೆಕ್ಕದ ಆಟಿ ತಿಂಗಳು. ತೀರಿಹೋದವರಿಗೆ ಎಲೆ ಬಡಿಸುವ ಕಾಲ. ಅವರು ಆಸೆಪಟ್ಟದ್ದನ್ನೆಲ್ಲ ಇಟ್ಟು, ಬಾಗಿಲು ಹಾಕಿಕೊಳ್ಳಬೇಕು. ಅವರು ಉಂಡು ಹೋಗುವ ತನಕ ಒಳಗಿದ್ದವರು ದನಿ ಎತ್ತಬಾರದು, ಬಾಗಿಲು ತೆರೆಯಬಾರದು. ತಮ್ಮ ಉಂಡರೆ ತನ್ನನ್ನು ಕ್ಷಮಿಸಿದ ಹಾಗೆ ಎಂದು ದೇಜಪ್ಪ ನಂಬಿಕೊಂಡಿದ್ದ.

ಮುಸ್ಸಂಜೆಗೆ, ಮತ್ತೆ ಹುಲ್ಲು ಎದ್ದಿದ್ದ ಹಿತ್ತಲ ಜಗಲಿಯಲ್ಲಿ ಅನ್ನ, ಕೋಳಿ ಸಾರು ಬಡಿಸಿ, ಪಕ್ಕದಲ್ಲಿ ಮೆಷಿನ್ ಒರಗಿಸಿ, ಗಂಡ ಹೆಂಡತಿ ಬಾಗಿಲು ಹಾಕಿ ಒಳಗೆ ಕೂತರು.

ಸ್ವಲ್ಪ ಹೊತ್ತಿಗೆ ಹೊರಗೆ ಮೆಷಿನ್ನಿನ ಹಗ್ಗ ಎಳೆದ ಸದ್ದು ಕೇಳಿತು. ಎಂಜಿನ್ ಹಿಡಿಯಲಿಲ್ಲ. ಮತ್ತೆ ಎಳೆತ.

"ಪೆಟ್ರೋಲ್ ಹಾಕಿದ್ದೀರಾ?" ಮೋಹಿನಿ ಗಂಡನ ಕಿವಿಯಲ್ಲಿ ಕೇಳಿದಳು.

ಹಾಕಿರಲಿಲ್ಲ. ಸತ್ತವನಿಗೆ ಮೆಷಿನ್ ತೋರಿಸಿದರೆ ಸಾಕು, ಪೆಟ್ರೋಲ್ ನಾಳೆ ತನಗೇ ಆಗುತ್ತದೆ ಅಂತ ಕ್ಯಾನನ್ನು ಒಳಗೇ ಇಟ್ಟಿದ್ದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಹಗ್ಗದ ಸದ್ದು ನಿಂತಿತು. ಯಾರೋ ಜಗಲಿ ಇಳಿದರು. ಆಮೇಲೆ ಹುಲ್ಲಿನಲ್ಲಿ ಸರ್ ಸರ್ ಎಂದು ಕತ್ತಿ ಆಡತೊಡಗಿತು. ಖಾಡಿಗೆ ಎಸೆದ ಕತ್ತಿ. ಸದ್ದು ಗೋಡೆಯ ಗುಂಟ ನಲ್ಲಿಯ ಕಡೆಗೇ ಹೋಗುತ್ತಿತ್ತು.

ದೇಜಪ್ಪ ದಡಕ್ಕನೆ ಎದ್ದ. "ಚೆನ್ನಯ, ಆ ಮೂಲೆಗೆ ಹೋಗ್ಬೇಡ ಮಾರಾಯ. ಪೆಟ್ರೋಲ್ ತರ್ತೇನೆ," ಎನ್ನುತ್ತಾ ಕ್ಯಾನ್ ಹಿಡಿದು ಬಾಗಿಲು ತೆರೆದೇಬಿಟ್ಟ.

ಹಿತ್ತಲಲ್ಲಿ ಯಾರೂ ಇರಲಿಲ್ಲ. ಮೆಷಿನ್ನಿನ ಹಗ್ಗ ಹೊರಗೆ ಜೋತುಬಿದ್ದಿತ್ತು. ಹುಲ್ಲು ನಲ್ಲಿಯ ತನಕ ಕತ್ತರಿಸಿ ಬಿದ್ದಿತ್ತು, ಅಲ್ಲಿಂದ ಆಚೆ ಹಾಗೇ ನಿಂತಿತ್ತು. ಎಲೆಯ ಮೇಲಿನ ಅನ್ನವನ್ನು ಯಾರೂ ಮುಟ್ಟಿರಲಿಲ್ಲ.